ಟೆಂಪೊ ಮನೆಯಲ್ಲಿ ರಾತ್ರಿಯಿಡೀ ಎಸಿ: ಬ್ಯಾಟರಿ ಎಷ್ಟು, ಸೋಲಾರ್ ಎಷ್ಟು ಬೇಕು?

ಹೇಮಾವತಿ ದಂಡೆ, ಹಾಸನ

ಎಲ್ಲರಿಗೂ ನಮಸ್ಕಾರ. ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು, ಸೀಟುಗಳನ್ನು ಕಳಚಿಸಿ, ಒಳಗೆ ಎರಡು ಮಂಚ ಮತ್ತು ಒಂದು ಸಣ್ಣ ಅಡುಗೆ ಕಟ್ಟೆ ಮಾಡಿಸುತ್ತಿದ್ದೇನೆ. ಅಪ್ಪ ಅಮ್ಮ ಇಬ್ಬರಿಗೂ ಎಪ್ಪತ್ತು ದಾಟಿದೆ. ಧರ್ಮಸ್ಥಳ, ಕುಕ್ಕೆ, ಉಡುಪಿ, ಆಮೇಲೆ ಒಮ್ಮೆ ಹಂಪಿ, ಇಷ್ಟನ್ನು ನಿಧಾನವಾಗಿ ತೋರಿಸಿಕೊಂಡು ಬರಬೇಕೆಂಬುದು ನನ್ನ ಬಹುದಿನದ ಆಸೆ. ಅಪ್ಪನಿಗೆ ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವುದರಿಂದ ರಾತ್ರಿ ಸಿ-ಪ್ಯಾಪ್ ಯಂತ್ರ ಹಾಕಿಕೊಳ್ಳುತ್ತಾರೆ. ಸೆಖೆಯಲ್ಲಿ ಆ ಮುಖವಾಡ ಹಾಕಿಕೊಂಡು ಮಲಗುವುದು ಅವರಿಗೆ ಆಗುವುದಿಲ್ಲ. ಹಾಗಾಗಿ ಎಸಿ ಬೇಕೇ ಬೇಕು.

ಒಬ್ಬ ವ್ಯಾಪಾರಿ ಹೀಗೆ ಹೇಳುತ್ತಿದ್ದಾರೆ: ಒಂದೂವರೆ ಟನ್ನಿನ ಎಸಿ, 150 ಎಎಚ್ (ಆಂಪಿಯರ್-ಗಂಟೆ) ಸಾಮರ್ಥ್ಯದ ಎರಡು ಟ್ಯೂಬುಲಾರ್ ಬ್ಯಾಟರಿ (ಮನೆಯ ಯುಪಿಎಸ್‌ಗೆ ಹಾಕುವ ಸೀಸ-ಆಮ್ಲದ ಬ್ಯಾಟರಿ), ಮೇಲೆ ಒಂದು ಸೋಲಾರ್ ಪ್ಯಾನೆಲ್. ರಾತ್ರಿಯಿಡೀ ಆರಾಮವಾಗಿ ಓಡುತ್ತದೆ ಎಂಬುದು ಅವರ ಭರವಸೆ. ಹಣ ಕೊಡುವ ಮೊದಲು ತಿಳಿದವರ ಮಾತು ಕೇಳೋಣವೆಂದು ಇಲ್ಲಿ ಬರೆಯುತ್ತಿದ್ದೇನೆ.

ಸೋಲಾರ್ ಕೆಲಸ, ಹಾಸನ

ಸರ್, ದಯವಿಟ್ಟು ಮುಂಗಡ ಕೊಡಬೇಡಿ. ಆ ಲೆಕ್ಕ ಎಲ್ಲಿಂದಲೂ ಕೂಡುವುದಿಲ್ಲ.

ಎಲ್ಲವನ್ನೂ ಯೂನಿಟ್‌ನಲ್ಲಿ ನೋಡೋಣ. ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್, ಅಂದರೆ 1000 ವ್ಯಾಟ್ ಒಂದು ಗಂಟೆ ಉರಿದರೆ ಒಂದು. ವೋಲ್ಟನ್ನೂ ಎಎಚ್ ಅನ್ನೂ ಗುಣಿಸಿದರೆ ಹನ್ನೆರಡು ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ 1.8 ಯೂನಿಟ್, ಎರಡು ಸೇರಿ 3.6. ಇದು ಕಾಗದದ ಮೇಲಿನ ಮಾತು. ಟ್ಯೂಬುಲಾರ್ ಬ್ಯಾಟರಿಯ ಎಎಚ್ ಅಳೆಯುವುದು ಇಪ್ಪತ್ತು ಗಂಟೆಗಳ ಕಾಲ ನಿಧಾನವಾಗಿ ಖಾಲಿ ಮಾಡಿದಾಗ, ಅಂದರೆ ಸುಮಾರು ಏಳೂವರೆ ಆಂಪಿಯರ್‌ನಂತೆ ಎಳೆದಾಗ. ಎಸಿ ಅದರ ಎಷ್ಟೋ ಪಟ್ಟು ಎಳೆಯುತ್ತದೆ. ಅಷ್ಟು ಜೋರಾಗಿ ಎಳೆದರೆ ಅದು ಕೊಡುವುದೇ ಕಡಿಮೆಯಾಗುತ್ತದೆ. ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸುವಂತೆಯೂ ಇಲ್ಲ. ಒಟ್ಟಿನಲ್ಲಿ ನಿಮ್ಮ ಕೈಗೆ ಸಿಗುವುದು ಒಂದೂವರೆ ಯೂನಿಟ್ ಆಸುಪಾಸು.

ಒಂದೂವರೆ ಟನ್ನಿನ ಹಳೆಯ ಮಾದರಿಯ ಎಸಿ, ಅಂದರೆ ಕಂಪ್ರೆಸರ್ ಒಂದೇ ವೇಗದಲ್ಲಿ ಓಡುವಂಥದ್ದು, ಸುಮಾರು 1600 ವ್ಯಾಟ್ ತಿನ್ನುತ್ತದೆ. ಗಂಟೆಯೊಳಗೆ ಬ್ಯಾಟರಿ ಕೈಕೊಡುತ್ತದೆ. ಇನ್ನೊಂದು ತೊಂದರೆಯೂ ಇದೆ. ಅಂಥ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ನಾಲ್ಕೈದು ಪಟ್ಟು ಕರೆಂಟ್ ಎಳೆಯುತ್ತದೆ. ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟಾಗಿ ಮಾಡಿಕೊಡುವ ಯುಪಿಎಸ್ ಅದನ್ನು ತಡೆಯಲಾರದೆ ಟ್ರಿಪ್ ಆಗುತ್ತದೆ.

ಇನ್ವರ್ಟರ್ ಕಂಪ್ರೆಸರ್ ಇರುವ ಎಸಿಯ ದಾರಿ ಬೇರೆ. ಅದು ಮೆಲ್ಲಗೆ ವೇಗ ಹಿಡಿಯುತ್ತದೆ, ಒಳಗೆ ತಂಪಾದ ಮೇಲೆ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಐದು ನಕ್ಷತ್ರದ ಒಂದು ಟನ್ನಿನದು ಶುರುವಿನಲ್ಲಿ 900ರಿಂದ 1000 ವ್ಯಾಟ್ ಎಳೆದರೂ ಆಮೇಲೆ 350, 400ಕ್ಕೆ ಇಳಿಯುತ್ತದೆ. ನಿಮ್ಮ ವಾಹನದ ಒಳಗಿನ ಜಾಗಕ್ಕೆ ಒಂದು ಟನ್ ಧಾರಾಳವಾಯಿತು. ಸರಾಸರಿ 400 ವ್ಯಾಟ್ ಎಂದುಕೊಂಡರೆ ಎಂಟು ಗಂಟೆಗೆ 3.2 ಯೂನಿಟ್. ಯುಪಿಎಸ್ ನಷ್ಟ ಸೇರಿ ಮೂರೂವರೆ. ದೀಪ, ಫ್ಯಾನ್, ಮೊಬೈಲ್, ಸಿ-ಪ್ಯಾಪ್ ಸೇರಿದರೆ ರಾತ್ರಿಗೆ ನಾಲ್ಕು ಯೂನಿಟ್ ಎಂದು ಬರೆದಿಟ್ಟುಕೊಳ್ಳಿ.

ಇದಕ್ಕೆ 51.2 ವೋಲ್ಟ್, 100 ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿ. ಅಂಗಡಿಯಲ್ಲಿ ಇದನ್ನೇ 48 ವೋಲ್ಟಿನದು ಎನ್ನುತ್ತಾರೆ. ಅದರಲ್ಲಿ 5.12 ಯೂನಿಟ್ ಇರುತ್ತದೆ, ಶೇ 90ರವರೆಗೆ ಬಳಸಬಹುದು. ತೂಕ ಐವತ್ತು ಕಿಲೋ ಒಳಗೆ. ಆ ಎರಡು ಟ್ಯೂಬುಲಾರ್ ನೂರು ಕಿಲೋ ದಾಟುತ್ತವೆ.

ಮೂಡಿಗೆರೆ ತೋಟ

ಹಾಸನದಲ್ಲಿ, ನಮ್ಮ ಕಡೆಯಲ್ಲಿ ಎಸಿ ಯಾಕೆ ಎಂದು ಕೇಳಬೇಕೆನಿಸಿತು. ಏಪ್ರಿಲ್‌ನಲ್ಲೂ ಇಲ್ಲಿ ರಾತ್ರಿ ಹೊದಿಕೆ ಬೇಕಾಗುತ್ತದೆ. ಕಿಟಕಿಗೆ ಸೊಳ್ಳೆ ಪರದೆ ಹಾಕಿ ತೆರೆದಿಟ್ಟರೆ ಸಾಲದೇ?

ಹೇಮಾವತಿ ದಂಡೆ, ಹಾಸನ

ಸರ್, ಊರಿನಲ್ಲಿ ನಮಗೂ ಬೇಡ. ಶಿರಾಡಿ ಘಾಟಿ ಇಳಿದ ಮೇಲಿನ ಮಾತು ಇದು. ಗುಂಡ್ಯ ದಾಟುತ್ತಿದ್ದಂತೆಯೇ ಅಪ್ಪನ ಬೆನ್ನು ಒದ್ದೆಯಾಗುತ್ತದೆ. ಮೇ ತಿಂಗಳಲ್ಲಿ ಕುಕ್ಕೆಯಲ್ಲಿ ರಾತ್ರಿ ಹನ್ನೆರಡಕ್ಕೂ ಅದೇ ಕಥೆ. ಫ್ಯಾನ್ ಹಾಕಿದರೆ ಬಿಸಿ ಗಾಳಿಯೇ ಸುತ್ತುತ್ತದೆ.

ಅರಸೀಕೆರೆ ತೆಂಗು

ನಾನೊಂದು ಕ್ಯಾಂಪರ್ ಇಟ್ಟುಕೊಂಡಿದ್ದೇನೆ, ಲಿಥಿಯಂ ಮತ್ತು ಸೋಲಾರ್ ಎರಡೂ ಇವೆ. ಮೇಲಿನವರ ಲೆಕ್ಕ ಸರಿ. ಆದರೆ ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ, ಅದನ್ನು ಯಾರೂ ಮೊದಲು ಹೇಳುವುದಿಲ್ಲ. ಬಿಸಿಯನ್ನು ಒಳಗೆ ಬಿಡಬೇಡಿ, ಸರ್.

ನಮ್ಮ ಅರಸೀಕೆರೆ, ಕಡೂರು ಬಯಲಿನಲ್ಲಿ ಮಾರ್ಚ್ ಮಧ್ಯಾಹ್ನ ಎರಡು ಗಂಟೆಗೆ ವಾಹನದ ಒಳಗೆ ಹೋಗಿ ಬರಿಯ ತಗಡಿನ ಚಾವಣಿಗೆ ಅಂಗೈ ಒತ್ತಿ ನೋಡಿ. ಇಟ್ಟ ಕೈಯನ್ನು ಕೂಡಲೇ ತೆಗೆಯಬೇಕಾಗುತ್ತದೆ. ಆ ತಗಡು ಸಂಜೆಯವರೆಗೂ ಒಳಗೆ ಕಾವು ಸುರಿಸುತ್ತಲೇ ಇರುತ್ತದೆ. ಒಂದು ಟನ್ ಎಸಿ ಪೂರ್ತಿ ವೇಗದಲ್ಲಿ ಓಡಿದರೂ ಆ ಕಾವನ್ನು ಹೊರಗೆ ಹಾಕುವುದರಲ್ಲೇ ಅದರ ಶಕ್ತಿ ಮುಗಿಯುತ್ತದೆ. ಚಾವಣಿಗೂ ಪಕ್ಕದ ಗೋಡೆಗಳಿಗೂ ಒಂದು ಇಂಚು ದಪ್ಪದ ನೈಟ್ರೈಲ್ ರಬ್ಬರ್ ಫೋಮ್ ಅಂಟಿಸಿ, ಮೇಲೆ ಪ್ಲೈವುಡ್ ಹೊಡೆಸಿ. ಅಂಟಿಸುವಾಗ ಸಂದು ಬಿಡಬಾರದು. ತಗಡಿನ ಅಡ್ಡಪಟ್ಟಿಗಳನ್ನೂ ಮುಚ್ಚಬೇಕು. ಆ ಪಟ್ಟಿಯೊಂದನ್ನು ಹಾಗೇ ಬಿಟ್ಟರೆ ಅದರ ಗುಂಟ ಕಾವು ಇಳಿಯುತ್ತದೆ, ಮಳೆಗಾಲದಲ್ಲಿ ಅದರ ಮೇಲೆಯೇ ನೀರು ಬೆವರಿ ತೊಟ್ಟಿಕ್ಕುತ್ತದೆ. ಹೊರಗಡೆ ಬಿಳಿ ಬಣ್ಣ ಬಳಿಸಿ. ಗಾಜುಗಳಿಗೆ ಒಳಗಿನಿಂದ ಬೆಳ್ಳಿ ಬಣ್ಣದ ದಪ್ಪ ಪರದೆ ಹೊಲಿಸಿ, ಮುಂದಿನ ದೊಡ್ಡ ಗಾಜನ್ನು ಮರೆಯಬೇಡಿ. ಚಾಲಕನ ಕ್ಯಾಬಿನ್‌ಗೂ ಮಂಚದ ಜಾಗಕ್ಕೂ ನಡುವೆ ದಪ್ಪ ಬಟ್ಟೆಯ ಪರದೆ ಇದ್ದರೆ ಎಸಿ ತಣಿಸಬೇಕಾದ ಜಾಗವೇ ಕಡಿಮೆಯಾಗುತ್ತದೆ.

ಇಷ್ಟು ಮಾಡಿದ ಮೇಲೆ ಸರಾಸರಿ 400 ವ್ಯಾಟ್ ಎಂಬ ಲೆಕ್ಕ ನಿಲ್ಲುತ್ತದೆ. ಮಾಡದಿದ್ದರೆ 700, 800 ಎಂದು ಬರೆದುಕೊಳ್ಳಿ, ಬ್ಯಾಟರಿ ಎರಡು ಕೊಳ್ಳಿ.

ಇನ್ನು ಉಷ್ಣಾಂಶ. 24ರ ಬದಲು 26 ಇಡಿ, ಜೊತೆಗೆ ಬಿಎಲ್‌ಡಿಸಿ ಫ್ಯಾನ್ ಒಂದನ್ನು ಓಡಿಸಿ. ಆ ಫ್ಯಾನ್ ತಿನ್ನುವುದು 30 ವ್ಯಾಟ್ ಮಾತ್ರ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6 ಉಳಿತಾಯ ಎಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೊ ಹೇಳುತ್ತದೆ.

ಬಾಬಾಬುಡನ್ ತಪ್ಪಲು

ಸೋಲಾರ್ ಬಗ್ಗೆ ನಾನು ಹೇಳುತ್ತೇನೆ. ವಾಹನದ ಮೇಲೆ ಐದು ಮೀಟರ್ ಉದ್ದದ ಸಮತಟ್ಟಾದ ಜಾಗ ಇದ್ದರೆ 540 ವ್ಯಾಟಿನ ಎರಡು ಪ್ಯಾನೆಲ್ ಒಂದರ ಹಿಂದೆ ಒಂದು ಕೂರುತ್ತವೆ. ಒಂದೊಂದು ಸುಮಾರು 2.28 ಮೀಟರ್ ಉದ್ದ, 1.13 ಮೀಟರ್ ಅಗಲ. ಆಮೇಲೆ ಮೇಲೆ ಎಸಿಗೆ ಜಾಗವಿಲ್ಲ. ಹಾಗಾಗಿ ಎಸಿಯ ಹೊರಘಟಕ ಹಿಂಬದಿಗೆ ಅಥವಾ ಚಾಸಿಯ ಕೆಳಗೆ ಹೋಗಬೇಕು.

ಮಲಗಿಸಿದ ಪ್ಯಾನೆಲ್, ಬಿಸಿಲಿಗೆ ಕಾದ ಪ್ಯಾನೆಲ್, ಮೇಲೆ ಧೂಳು. 1080 ವ್ಯಾಟ್ ಎಂದು ಬರೆದಿದ್ದರೂ ನಡು ಮಧ್ಯಾಹ್ನ 750, 800 ಸಿಕ್ಕರೆ ಸಂತೋಷಪಡಬೇಕು. ಪ್ಯಾನೆಲ್ಲಿನ ವ್ಯಾಟ್ ಬರೆಯುವುದು 25 ಡಿಗ್ರಿಯಲ್ಲಿ ಅಳೆದು. ಅಲ್ಲಿಂದ ಮೇಲೆ ಪ್ರತಿ ಡಿಗ್ರಿಗೂ ಶೇ 0.35ರಷ್ಟು ಇಳಿಯುತ್ತದೆ, ಬಯಲಿನ ಬಿಸಿಲಿನಲ್ಲಿ ಪ್ಯಾನೆಲ್ 60 ಡಿಗ್ರಿ ಮುಟ್ಟುತ್ತದೆ. ಮಾರ್ಚ್‌ನ ತಿಳಿ ದಿನದಲ್ಲಿ ಇಡೀ ದಿನಕ್ಕೆ ನಾಲ್ಕರಿಂದ ನಾಲ್ಕೂವರೆ ಯೂನಿಟ್ ಬರುತ್ತದೆ. ಅಂದರೆ ರಾತ್ರಿ ಖಾಲಿಯಾದದ್ದು ಹಗಲಿಗೆ ತುಂಬುತ್ತದೆ, ಆದರೆ ಹಗಲು ಎಸಿ ಹಾಕದಿದ್ದರೆ ಮಾತ್ರ.

ಜುಲೈನಲ್ಲಿ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಬಂದರೆ ಈ ಲೆಕ್ಕವನ್ನೇ ಮರೆತುಬಿಡಿ. ಮೋಡ ಕವಿದ ದಿನ ಒಂದು ಯೂನಿಟ್ ಬಂದರೂ ದೊಡ್ಡದು.

ನೆರಳಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 48 ವೋಲ್ಟಿನ ಬ್ಯಾಟರಿ ತುಂಬಲು 56, 57 ವೋಲ್ಟ್ ಬೇಕು. ಒಂದು ಪ್ಯಾನೆಲ್ ಕೆಲಸ ಮಾಡುವುದು 41 ವೋಲ್ಟಿನಲ್ಲಿ. ಆದ್ದರಿಂದ ಎರಡರ ವೋಲ್ಟೂ ಕೂಡುವಂತೆ ಅವನ್ನು ಸರಣಿಯಲ್ಲಿ ಜೋಡಿಸಲೇಬೇಕು. ಈಗ ಕಾಫಿ ತೋಟದ ದಾರಿಯಲ್ಲಿ ಸಿಲ್ವರ್ ಓಕ್ ಕೆಳಗೆ ನಿಲ್ಲಿಸಿದಿರಿ ಎಂದಿಟ್ಟುಕೊಳ್ಳಿ. ಒಂದು ಪ್ಯಾನೆಲ್ ಮೇಲೆ ಪೂರ್ತಿ ನೆರಳು ಬಿದ್ದರೆ ಇನ್ನೊಂದು ಬಿಸಿಲಿನಲ್ಲಿದ್ದರೂ ಚಾರ್ಜ್ ಆಗುವುದೇ ನಿಲ್ಲುತ್ತದೆ. ಸಣ್ಣ ಪ್ಯಾನೆಲ್ ಮೂರ್ನಾಲ್ಕು ಹಾಕಿ ಸರಣಿ ಮಾಡಿದರೆ ಇದು ಸ್ವಲ್ಪ ಸುಧಾರಿಸುತ್ತದೆ. ಚಾರ್ಜ್ ಕಂಟ್ರೋಲರ್, ಅಂದರೆ ಪ್ಯಾನೆಲ್ಲಿನ ಕರೆಂಟನ್ನು ಬ್ಯಾಟರಿಗೆ ತಕ್ಕಂತೆ ಕೊಡುವ ಪೆಟ್ಟಿಗೆ, 150 ವೋಲ್ಟಿನ ಎಂಪಿಪಿಟಿ ಮಾದರಿಯದಿರಲಿ.

ಅಂಟಿನ ಮೇಲೆ ನಂಬಿಕೆ ಇಡಬೇಡಿ, ಬೋಲ್ಟ್ ಹಾಕಿಸಿ. ಪ್ಯಾನೆಲ್ಲಿಗೂ ತಗಡಿಗೂ ನಡುವೆ ನಾಲ್ಕು ಬೆರಳು ಅಂತರ ಬಿಡಿಸಿ. ಪ್ಯಾನೆಲ್ ತಂಪಾಗಿರುತ್ತದೆ, ಚಾವಣಿಗೂ ನೆರಳಾಗುತ್ತದೆ.

ಹೇಮಾವತಿ ದಂಡೆ, ಹಾಸನ

ತುಂಬಾ ಉಪಕಾರವಾಯಿತು. ಹಾಗಾದರೆ ನೆರಳಿನಲ್ಲಿ ನಿಲ್ಲಿಸಬೇಕೋ ಬಿಸಿಲಿನಲ್ಲೋ?

ಅರಸೀಕೆರೆ ತೆಂಗು

ಹಗಲು ನೀವೆಲ್ಲ ದೇವಸ್ಥಾನಕ್ಕೆ ಹೋಗಿ ವಾಹನ ಖಾಲಿ ಇದ್ದರೆ ಬಿಸಿಲಿನಲ್ಲಿ. ಅಪ್ಪ ಅಮ್ಮ ಒಳಗೆ ಮಲಗಿದ್ದರೆ ಕಣ್ಣುಮುಚ್ಚಿ ನೆರಳಿನಲ್ಲಿ. ಮರದ ನೆರಳು ಉಳಿಸುವ ಕರೆಂಟ್ ಪ್ಯಾನೆಲ್ ತರುವ ಕರೆಂಟಿಗಿಂತ ಕಡಿಮೆಯೇನಲ್ಲ.

ಗ್ಯಾರೇಜ್ ಮಾತು, ಚಿಕ್ಕಮಗಳೂರು

ಎಂಜಿನ್ ಓಡುವಾಗ ಕರೆಂಟ್ ಮಾಡುವ ವಾಹನದ ಆಲ್ಟರ್ನೇಟರ್ ಅನ್ನು ಯಾರೂ ಲೆಕ್ಕಕ್ಕೆ ತಂದಿಲ್ಲ. ನೀವು ಹೋಗುವುದೇ ಓಡಿಸಿಕೊಂಡು. ಡಿಸಿಯಿಂದ (ಬ್ಯಾಟರಿ ಕೊಡುವ ನೇರ ವಿದ್ಯುತ್ತಿನಿಂದ) ಡಿಸಿಗೆ ಚಾರ್ಜ್ ಮಾಡುವ ಪೆಟ್ಟಿಗೆ ಸಿಗುತ್ತದೆ, ವಾಹನದ 12 ವೋಲ್ಟನ್ನು 48ಕ್ಕೆ ಏರಿಸಿ ಕೊಡುವಂಥದ್ದು. ಗಂಟೆಗೆ ಅರ್ಧ ಯೂನಿಟ್ ಬಂದರೂ ಮೂರು ಗಂಟೆಯ ಪ್ರಯಾಣಕ್ಕೆ ಒಂದೂವರೆ ಯೂನಿಟ್ ಆಯಿತು. ಮಳೆಗಾಲದಲ್ಲಿ ನಿಮ್ಮ ಕೈಹಿಡಿಯುವುದು ಇದೇ.

12 ವೋಲ್ಟಿನ ಲಿಥಿಯಂ ಬ್ಯಾಟರಿ ಹಾಕಿದವರೂ ಆಲ್ಟರ್ನೇಟರ್‌ನಿಂದ ಅದಕ್ಕೆ ನೇರ ತಂತಿ ಎಳೆಯಬಾರದು. ಲಿಥಿಯಂ ಬ್ಯಾಟರಿ ಕೊಟ್ಟಷ್ಟೂ ಎಳೆಯುತ್ತದೆ, ತಡೆಯುವುದಿಲ್ಲ. ಆಲ್ಟರ್ನೇಟರ್ ಕಾದು ಸುಡುತ್ತದೆ. ಆ ಪೆಟ್ಟಿಗೆ ಮಿತಿಯನ್ನೂ ಹಾಕುತ್ತದೆ.

ಇನ್ನೊಂದು ವಿಷಯ, ಮನೆಗೆ ಹಾಕುವ ಸ್ಪ್ಲಿಟ್ ಎಸಿಯನ್ನು ವಾಹನಕ್ಕೆ ಹಾಕುವವರಿಗೆ. ಅದನ್ನು ಗೋಡೆಯ ಮೇಲೆ ಅಲುಗಾಡದೆ ಇರಲೆಂದು ಮಾಡಿರುತ್ತಾರೆ. ಘಾಟಿಯ ಗುಂಡಿಗಳಲ್ಲಿ ತಾಮ್ರದ ಕೊಳವೆಯ ಕೀಲುಗಳು ಸಡಿಲವಾಗಿ ಗ್ಯಾಸ್ ಸೋರುತ್ತದೆ. ಈಗಿನ ಎಷ್ಟೋ ಎಸಿಗಳಲ್ಲಿ ಇರುವುದು ಆರ್-32 ಗ್ಯಾಸ್, ಅದಕ್ಕೆ ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಗುಣವಿದೆ. ಮಲಗುವ ಜಾಗದೊಳಗೆ ಕೀಲು ಬರದಂತೆ ನೋಡಿಕೊಳ್ಳಿ. ಕೊಳವೆಯನ್ನು ಒಂದು ಸುತ್ತು ಸುತ್ತಿಸಿ ಬಿಡಿ, ಹೊರಘಟಕದ ಕೆಳಗೆ ದಪ್ಪ ರಬ್ಬರ್ ಕೊಡಿ. ಲಾರಿಗಳಿಗೆಂದೇ ಬರುವ ಪಾರ್ಕಿಂಗ್ ಎಸಿಗಳು ಬ್ಯಾಟರಿಯಿಂದ ನೇರವಾಗಿ ಓಡುತ್ತವೆ, ಅಲುಗಾಟಕ್ಕೂ ತಯಾರಾಗಿರುತ್ತವೆ. ಅವಕ್ಕೆ ಯುಪಿಎಸ್ ಬೇಡ, ಆ ನಷ್ಟವೂ ಇಲ್ಲ. ಬೆಲೆ ಹೆಚ್ಚಾದರೂ ನಿಮ್ಮ ಕೆಲಸಕ್ಕೆ ಅದು ಹೆಚ್ಚು ಸೂಕ್ತ ಎಂಬುದು ನನ್ನ ಅಭಿಪ್ರಾಯ. ಆದರೆ 48 ವೋಲ್ಟಿನದನ್ನೇ ಕೇಳಿ ಪಡೆಯಿರಿ.

ನೀರಿನ ಟ್ರೇ ಕೂಡ ನೋಡಿ. ಇಳಿಜಾರಿನಲ್ಲಿ ನಿಲ್ಲಿಸಿದರೆ ಒಳಘಟಕದ ನೀರು ಕೊಳವೆಗೆ ಹೋಗದೆ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಎರಡೂ ತುದಿಗೆ ಕೊಳವೆ ಕೊಡಿಸಿ.

ಯಗಚಿ ತೀರ, ಬೇಲೂರು

12 ವೋಲ್ಟ್ ಸಾಲದೇ, 48 ಯಾಕೆ? ನನ್ನ ಮನೆಯ ಯುಪಿಎಸ್ 12 ವೋಲ್ಟಿನದು, ಅದನ್ನೇ ವಾಹನಕ್ಕೆ ಎತ್ತಿ ಹಾಕೋಣವೆಂದಿದ್ದೆ.

ಸೋಲಾರ್ ಕೆಲಸ, ಹಾಸನ

ಅಕ್ಕ, ತಂತಿಯ ಕಾರಣಕ್ಕೆ. ಯುಪಿಎಸ್ ನಷ್ಟವೂ ಸೇರಿ, 1000 ವ್ಯಾಟ್ ಎಳೆಯಲು 12 ವೋಲ್ಟಿನಲ್ಲಿ 90 ಆಂಪಿಯರ್‌ಗೂ ಹೆಚ್ಚು ಹರಿಯಬೇಕು. 48ರಲ್ಲಾದರೆ 22, 23 ಸಾಕು. ತಂತಿ ಕಾಯುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ. ಕರೆಂಟ್ ನಾಲ್ಕನೇ ಒಂದಾದರೆ ಅದೇ ತಂತಿಯಲ್ಲಿ ನಷ್ಟ ಹದಿನಾರನೇ ಒಂದು.

ಮೊನ್ನೆ ಒಂದು ಕ್ಯಾಂಪರ್ ಬಂದಿತ್ತು, ಎಸಿ ಹಾಕಿದರೆ ಅರ್ಧ ಗಂಟೆಗೆ ನಿಲ್ಲುತ್ತದೆ ಎಂಬ ದೂರು. ಬ್ಯಾಟರಿ ಹೊಸದು, ಯುಪಿಎಸ್ ಹೊಸದು. ಮಂಚದ ಕೆಳಗಿನ ಹಲಗೆ ಎತ್ತಿ ನೋಡಿದೆ. ಧನ ತುದಿಯ ಲಗ್ ಅನ್ನು, ಅಂದರೆ ತಂತಿಯ ತುದಿಗೆ ಹಾಕುವ ಲೋಹದ ಬಳೆಯನ್ನು, ಕ್ರಿಂಪ್ ಮಾಡದೆ (ಉಪಕರಣದಿಂದ ಬಿಗಿಯಾಗಿ ಒತ್ತದೆ) ಸುತ್ತಿಗೆಯಿಂದ ಬಡಿದು ಕೂರಿಸಿದ್ದರು. ಅದರ ಸುತ್ತ ಕೆಂಪು ಹೊದಿಕೆ ಕಂದು ಬಣ್ಣಕ್ಕೆ ತಿರುಗಿ ಮುದುರಿತ್ತು, ತಾಮ್ರದ ಎಳೆಗಳು ಕಪ್ಪಾಗಿದ್ದವು. ಕೈಯಿಂದ ಅಲುಗಿಸಿದರೆ ಲಗ್ ತಿರುಗುತ್ತಿತ್ತು. ಅದರ ಮೇಲೆಯೇ ಹತ್ತಿಯ ಹಾಸಿಗೆ. ಲಗ್ ಬದಲಿಸಿ ಸರಿಯಾದ ಹೈಡ್ರಾಲಿಕ್ ಕ್ರಿಂಪ್ ಒತ್ತಿದ ಮೇಲೆ ಎಸಿ ನಿಲ್ಲಲಿಲ್ಲ.

12 ವೋಲ್ಟಿನಲ್ಲೇ ಮಾಡುವುದಾದರೆ ಕನಿಷ್ಠ 35 ಚದರ ಮಿಲಿಮೀಟರ್ ತಾಮ್ರದ ತಂತಿ, ಅದೂ ಎರಡು ಮೀಟರ್ ಒಳಗೆ. ಸಣ್ಣ ಫ್ರಿಜ್, ದೀಪಗಳಿಗೆ 12 ಚೆನ್ನಾಗಿದೆ. ಎಸಿಗೆ ಬೇಡ, ಅಕ್ಕ.

ಮೂಡಿಗೆರೆ ತೋಟ

ನಾನು ಮೊದಲು ಎಸಿ ಯಾಕೆಂದು ಕೇಳಿದ್ದೆ. ಒಂದು ಉಪಯೋಗ ನಮ್ಮ ಕಡೆಯೂ ಇದೆ ಎಂಬುದನ್ನು ಹೇಳದಿದ್ದರೆ ಆಗುವುದಿಲ್ಲ. ಮಳೆಗಾಲದ ಶೀತ. ಮುಚ್ಚಿದ ವಾಹನದಲ್ಲಿ ಮೂವರು ಮಲಗಿದರೆ ಉಸಿರಿನ ತೇವವೇ ಸಾಕು, ವಾರದೊಳಗೆ ಹಾಸಿಗೆಯ ಅಡಿಭಾಗದಲ್ಲಿ ಹಸಿರು ಬೂಷ್ಟು ಕಾಣುತ್ತದೆ. ಉಸಿರಾಟದ ತೊಂದರೆ ಇರುವವರಿಗೆ ಅದು ಒಳ್ಳೆಯದಲ್ಲ. ಎಸಿಯ ಡ್ರೈ ಮೋಡ್ ಒಂದು ಗಂಟೆ ಓಡಿಸಿದರೆ ಗಾಳಿ ಹಗುರವಾಗುತ್ತದೆ.

ಬಾಬಾಬುಡನ್ ತಪ್ಪಲು

ನಿಜ, ಮತ್ತು ಅದಕ್ಕೂ ಕರೆಂಟ್ ಬೇಕು ಎಂಬುದು ನೆನಪಿರಲಿ. ಗಾಳಿಯಲ್ಲಿರುವ ಒಂದು ಲೀಟರ್ ನೀರನ್ನು ಹನಿಯಾಗಿಸಲು 0.68 ಯೂನಿಟ್‌ನಷ್ಟು ಶಾಖವನ್ನು ತೆಗೆಯಬೇಕು. ಕರಾವಳಿಯಲ್ಲಿ ಎಸಿ ಹೆಚ್ಚು ತಿನ್ನುವುದು ಇದೇ ಕಾರಣಕ್ಕೆ: ಹೊರಗೆ 27 ಡಿಗ್ರಿ ಇದ್ದರೂ ಅದು ತೇವದ ಜೊತೆ ಗುದ್ದಾಡುತ್ತಿರುತ್ತದೆ. ಬಾಗಿಲು ಪದೇ ಪದೇ ತೆರೆದರೆ ಹೊಸ ತೇವ ಒಳಗೆ ಬರುತ್ತದೆ. ಅಡುಗೆಯನ್ನು ಹೊರಗೆ ಮಾಡಿ, ಒದ್ದೆ ಬಟ್ಟೆ ಒಳಗೆ ಒಣಗಿಸಬೇಡಿ.

ಶುಶ್ರೂಷೆ, ಚಿಕ್ಕಮಗಳೂರು

ಹಾಸನದ ಸರ್, ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಎಸಿಯ ಚರ್ಚೆಯಲ್ಲಿ ಅಪ್ಪನ ಯಂತ್ರ ಹಿಂದೆ ಸರಿಯಬಾರದೆಂದು ಬರೆಯುತ್ತಿದ್ದೇನೆ.

ಸಿ-ಪ್ಯಾಪ್ ತಿನ್ನುವುದು ಹೆಚ್ಚಲ್ಲ. ತೇವ ಕೊಡುವ ಹೀಟರ್ ಬಂದ್ ಮಾಡಿದರೆ 30ರಿಂದ 60 ವ್ಯಾಟ್, ರಾತ್ರಿಗೆ ಅರ್ಧ ಯೂನಿಟ್ ಒಳಗೆ. ಕರಾವಳಿಯ ಗಾಳಿಯಲ್ಲಿ ಆ ಹೀಟರ್ ಬೇಡವಾಗಬಹುದು, ವೈದ್ಯರನ್ನು ಒಮ್ಮೆ ಕೇಳಿ. ಆದರೆ ಅದನ್ನು ಎಸಿಯ ಬ್ಯಾಟರಿಗೆ ಜೋಡಿಸಬೇಡಿ. ಎಸಿ ಬ್ಯಾಟರಿಯನ್ನು ಬೆಳಗಿನ ಜಾವ ಮೂರಕ್ಕೆ ಖಾಲಿ ಮಾಡಿದರೆ ಯಂತ್ರವೂ ನಿಲ್ಲುತ್ತದೆ, ಎಲ್ಲರೂ ಗಾಢ ನಿದ್ರೆಯಲ್ಲಿರುತ್ತೀರಿ. ಅದಕ್ಕೊಂದು ಸಣ್ಣ ಪ್ರತ್ಯೇಕ ಲಿಥಿಯಂ ಬ್ಯಾಟರಿ ಇರಲಿ. ಹೆಚ್ಚಿನ ಯಂತ್ರಗಳಿಗೆ ಡಿಸಿ ತಂತಿ ಸಿಗುತ್ತದೆ.

ಎರಡನೆಯದು, ಬ್ಯಾಟರಿ ಮುಗಿಯಿತೆಂದು ಎಂಜಿನ್ ಚಾಲೂ ಇಟ್ಟು ಮಲಗಬೇಡಿ. ಜನರೇಟರ್ ಪಕ್ಕದಲ್ಲಿಟ್ಟುಕೊಂಡು ಮಲಗುವುದೂ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರಿಗೆ ಗೊತ್ತಾಗುವುದೇ ಇಲ್ಲ. ಅದನ್ನು ಗುರುತಿಸಿ ಕೂಗುವ ಸಣ್ಣ ಅಲಾರಂ ಸಿಗುತ್ತದೆ, ತಲೆದಿಂಬಿನ ಎತ್ತರದಲ್ಲಿ ಹಾಕಿಸಿ. ಎಸಿ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ಒಂದು ಕಿಟಕಿಯನ್ನು ಬೆರಳಗಲ ತೆರೆದಿಡಿ.

ಹೇಮಾವತಿ ದಂಡೆ, ಹಾಸನ

ಅಕ್ಕ, ಈ ಮಾತು ನನಗೆ ಹೊಳೆದೇ ಇರಲಿಲ್ಲ. ಅಪ್ಪನ ಯಂತ್ರಕ್ಕೆ ಬೇರೆ ಬ್ಯಾಟರಿಯನ್ನು ಮೊದಲು ತರುತ್ತೇನೆ, ಉಳಿದದ್ದು ಆಮೇಲೆ. ನಿಮಗೆ ಋಣಿ.

ಈಗ ಮನಸ್ಸಿನಲ್ಲಿರುವುದು ಹೀಗೆ: ಮೊದಲು ಫೋಮ್ ಮತ್ತು ಪರದೆ. 48 ವೋಲ್ಟಿನ ಪಾರ್ಕಿಂಗ್ ಎಸಿ. 100 ಎಎಚ್ ಲಿಥಿಯಂ ಒಂದು, ಇನ್ನೊಂದಕ್ಕೆ ಜಾಗ ಬಿಟ್ಟು. ಎರಡು ಪ್ಯಾನೆಲ್, ಆಲ್ಟರ್ನೇಟರ್ ಪೆಟ್ಟಿಗೆ. ಯಾತ್ರಿ ನಿವಾಸದಲ್ಲಿ ಅಥವಾ ಹೋಂಸ್ಟೇಯಲ್ಲಿ ಪ್ಲಗ್ ಸಿಕ್ಕರೆ ಹಣ ಕೊಟ್ಟು ಚಾರ್ಜ್ ಮಾಡಿಕೊಳ್ಳುವುದು. ಆರ್‌ಟಿಒ ಕಡೆಯಿಂದ ತೊಂದರೆ ಬರುತ್ತದೆಯೇ? ಬ್ಯಾಟರಿ ಹತ್ತಿರ ಯಾವ ಫ್ಯೂಸ್ ಹಾಕಬೇಕು?

ಗ್ಯಾರೇಜ್ ಮಾತು, ಚಿಕ್ಕಮಗಳೂರು

ಸೀಟು ತೆಗೆದದ್ದೇ ದೊಡ್ಡ ಬದಲಾವಣೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಬದಲಾಗುವಂತೆ ವಾಹನ ಮಾರ್ಪಡಿಸುವ ಹಾಗಿಲ್ಲ. ಕೆಲಸ ಶುರುಮಾಡುವ ಮೊದಲು ನಿಮ್ಮ ಕೆಎ-13 ಕಚೇರಿಗೆ ನಕ್ಷೆ ತೆಗೆದುಕೊಂಡು ಹೋಗಿ, ಅನುಮತಿಯನ್ನು ಬರಹದಲ್ಲಿ ಪಡೆಯಿರಿ. ಪ್ಯಾನೆಲ್ ಮತ್ತು ಹೊರಘಟಕ ಬಾಡಿಯ ಅಗಲವನ್ನು ಮೀರಿ ಹೊರಚಾಚಬಾರದು. ವಿಮಾ ಕಂಪನಿಗೂ ತಿಳಿಸಿಡಿ.

ಸೋಲಾರ್ ಕೆಲಸ, ಹಾಸನ

ಪ್ಲಗ್‌ನಿಂದ ತುಂಬಲು 48 ವೋಲ್ಟ್, 25 ಆಂಪಿಯರ್ ಚಾರ್ಜರ್ ಸಾಕು. 15 ಆಂಪಿಯರ್ ಸಾಕೆಟ್‌ನಲ್ಲಿ ಹಾಕಿದರೆ ನಾಲ್ಕು ಗಂಟೆಯ ಸುಮಾರಿಗೆ ಪೂರ್ತಿ ತುಂಬುತ್ತದೆ. ಮಲೆನಾಡಿನ ಹಳ್ಳಿಗಳಲ್ಲಿ ವೋಲ್ಟೇಜ್ ಕುಸಿಯುವುದುಂಟು, ಕಡಿಮೆ ವೋಲ್ಟಿನಲ್ಲೂ ಕೆಲಸ ಮಾಡುವ ಚಾರ್ಜರ್ ಕೇಳಿ.

ಫ್ಯೂಸ್: ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನೊಳಗೆ ಕ್ಲಾಸ್ ಟಿ ಫ್ಯೂಸ್ ಇರಲಿ. ತಂತಿ ತಡೆಯುವ ಆಂಪಿಯರ್‌ಗಿಂತ ಅದು ಹೆಚ್ಚಿರಬಾರದು. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ಹರಿಯುತ್ತದೆ, ಅಷ್ಟನ್ನು ಕಡಿಯುವ ಸಾಮರ್ಥ್ಯ ಸಾಮಾನ್ಯ ವಾಹನದ ಫ್ಯೂಸ್‌ಗೆ ಇಲ್ಲ. ಪ್ಯಾನೆಲ್ ಬದಿಗೆ ಡಿಸಿ ಎಂದೇ ಬರೆದಿರುವ ಎಂಸಿಬಿ ಹಾಕಿ. ಮನೆಯ ಸಾಮಾನ್ಯ ಎಂಸಿಬಿ ಅಲ್ಲಿ ಕೆಲಸ ಮಾಡುವುದಿಲ್ಲ, ಡಿಸಿಯ ಕಿಡಿ ಅದರಲ್ಲಿ ಆರುವುದೇ ಇಲ್ಲ. ಜೋಡಣೆ ಮುಗಿದ ಮೇಲೆ ಹಲಗೆ ಮುಚ್ಚುವ ಮೊದಲು ಎಸಿಯನ್ನು ಪೂರ್ತಿ ವೇಗದಲ್ಲಿ ಅರ್ಧ ಗಂಟೆ ಓಡಿಸಿ, ಆಮೇಲೆ ಎಲ್ಲವನ್ನೂ ಬಂದ್ ಮಾಡಿ ಪ್ರತಿ ಲಗ್ ಮುಟ್ಟಿ ನೋಡಿ. ಯಾವುದು ಬಿಸಿಯಾಗಿದೆಯೋ ಅದನ್ನು ಬಿಚ್ಚಿ ಮತ್ತೆ ಒತ್ತಿಸಿ. ಹಾಸನದಲ್ಲೇ ಇರುತ್ತೇನೆ, ಆ ದಿನ ಕರೆದರೆ ಬಂದು ನೋಡಿಕೊಡುತ್ತೇನೆ.